ನೋವಿಲ್ಲದ ಗಂಟು: ಸುಮ್ಮನಿರಬೇಡಿ ಅಜ್ಜಿ

ನಲ್ಲಂಪಳ್ಳಿ: ‘ಎದೇಲಿ ಗಂಟು ಸಿಕ್ತು, ನೋವೇನಿಲ್ವಲ್ಲ, ಬಿಡವ್ವಾ’ ಎಂದು ತಿಂಗಳುಗಟ್ಟಲೆ ಸುಮ್ಮನಿರುವ ಅಜ್ಜಿಯರು ಯಾವ ಊರಲ್ಲಿಲ್ಲ? ಸ್ತನ ಕ್ಯಾನ್ಸರಿನ ಗಂಟು ಮೊದಮೊದಲು ನೋಯುವುದೇ ಕಡಿಮೆ. ವಯಸ್ಸಾದಷ್ಟೂ ಅಪಾಯ ಹೆಚ್ಚು.

ಮೊದಲು ಧರ್ಮಪುರಿ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ತೋರಿಸಬಹುದು. ದೊಡ್ಡ ಚಿಕಿತ್ಸೆಗೆ ಚೆನ್ನೈನಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿ 1954ರಲ್ಲಿ ಕಟ್ಟಿದ ಅಡ್ಯಾರ್ ಕ್ಯಾನ್ಸರ್ ಸಂಸ್ಥೆ ಇದೆ. ಕಷ್ಟವನ್ನು ಕನ್ನಡದಲ್ಲೇ ಹೇಳಿಕೊಳ್ಳಬೇಕೆಂದರೆ ಬೆಂಗಳೂರು ಹೊಸೂರು ರಸ್ತೆಯ ಕಿದ್ವಾಯಿ.

ಆಪರೇಷನ್‌ಗಿಂತ ಸುಸ್ತು ಮಾಡುವುದು ಕರೆಂಟು ಚಿಕಿತ್ಸೆಯ ಓಡಾಟ. ವಾರಕ್ಕೆ ಐದು ದಿನದಂತೆ ಮೂರು ವಾರ, ಕೆಲವರಿಗೆ ಇನ್ನೂ ಹೆಚ್ಚು. ಅಷ್ಟು ದಿನ ಜೊತೆಗೆ ಯಾರು ನಿಲ್ಲೋದು? ಮಗಳೋ, ಸೊಸೆಯೋ? ಇದನ್ನು ಮೊದಲೇ ಮನೆಯಲ್ಲಿ ಮಾತಾಡಿಕೊಳ್ಳಿ.

ವಯಸ್ಸಾದವರಲ್ಲಿ ಹೆಚ್ಚಿನವು ಹಾರ್ಮೋನಿಗೆ ಬೆಳೆಯುವ ಗಂಟುಗಳು. ಅದಕ್ಕೆ ದಿನಕ್ಕೊಂದು ಮಾತ್ರೆ, ಸಾಮಾನ್ಯವಾಗಿ ಐದು ವರ್ಷ. ಹುಷಾರಾದೆ ಅಂತ ವರ್ಷಕ್ಕೇ ಬಿಡುವವರಿದ್ದಾರೆ. ಡಾಕ್ಟರನ್ನು ಕೇಳದೆ ಬಿಡಬೇಡಿ.