ಅಮ್ಮನ ಹಾಡುಗಳೂ ಬಿಟ್ಟಿ ತಂತ್ರಾಂಶವೂ

ಕಳೆದ ಮಳೆಗಾಲದ ಒಂದು ಸಂಜೆ ಬಡಿದ ಸಿಡಿಲಿಗೆ ನಮ್ಮ ಮನೆಯ ಹಳೆಯ ಕಂಪ್ಯೂಟರ್ ಸುಟ್ಟುಹೋಯಿತು. 12 ವರ್ಷ ದುಡಿದ ಯಂತ್ರ, ಹೋದದ್ದಕ್ಕೆ ಅಷ್ಟೇನೂ ದುಃಖವಾಗಲಿಲ್ಲ. ಎದೆ ಧಸಕ್ಕೆಂದದ್ದು ಅದರೊಳಗಿದ್ದ ಒಂದು ಕಡತ ನೆನಪಾಗಿ. ನನ್ನ ಅಮ್ಮ ಹೇಳುತ್ತಿದ್ದ ಬೀಸುವ ಹಾಡು, ಹಸೆ ಹಾಡು, ಜೋಗುಳ ಎಲ್ಲ ಸೇರಿ 112 ಹಾಡುಗಳನ್ನು ನಿವೃತ್ತಿಯಾದ ಮೇಲೆ ಒಂದೊಂದೇ ಕೀಲಿ ಒತ್ತಿ ಟೈಪು ಮಾಡಿದ್ದೆ. ಅಮ್ಮ ಈಗಿಲ್ಲ. ಹಾಡು ಬರೆದಿಟ್ಟಿದ್ದ ನೋಟ್‌ಬುಕ್ಕನ್ನು ಗೆದ್ದಲು ತಿಂದಿದೆ. ಪುಣ್ಯಕ್ಕೆ ಕಡತದ ಒಂದು ಪ್ರತಿ ಪೆನ್‌ಡ್ರೈವಿನಲ್ಲಿ ಉಳಿದಿತ್ತು.

ಮಗ ಹೊಸ ಲ್ಯಾಪ್‌ಟಾಪ್ ತಂದುಕೊಟ್ಟ. ಬರೆಯುವ, ಲೆಕ್ಕ ಇಡುವ ತಂತ್ರಾಂಶ ಅದರಲ್ಲಿರಲಿಲ್ಲ. ಅಂಗಡಿಯವರನ್ನು ಕೇಳಿದರೆ, “ಈಗ ವರ್ಷ ವರ್ಷ ಚಂದಾ ಕಟ್ಟಬೇಕು ಮೇಷ್ಟ್ರೇ” ಎಂದರು. ಪಿಂಚಣಿಯಲ್ಲಿ ಇನ್ನೊಂದು ಖರ್ಚೇ ಎಂದು ನಾನು ಯೋಚಿಸುತ್ತಿರುವಾಗ ಒಂಬತ್ತನೇ ತರಗತಿಯ ಮೊಮ್ಮಗಳು, “ದುಡ್ಡು ಯಾಕಜ್ಜ? ಲಿಬ್ರೆ ಆಫೀಸ್ ಹಾಕಿಕೊಡ್ತೀನಿ, ಬಿಟ್ಟಿ ಸಿಗುತ್ತೆ” ಎಂದಳು. ಹಾಕಿಯೂ ಕೊಟ್ಟಳು.

ಆಸೆಯಿಂದ ಹಾಡಿನ ಕಡತ ತೆರೆದೆವು. ಪರದೆಯ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಚಿತ್ರವಿಚಿತ್ರ ಚಿಹ್ನೆಗಳು! “ಬಿಟ್ಟಿ ಸಿಕ್ಕಿದ್ದರ ಹಣೆಬರಹವೇ ಇಷ್ಟು” ಎಂದು ನಾನು ರೇಗಿದೆ. ಅವಳು ಮಾತಾಡದೆ ಪೆನ್‌ಡ್ರೈವ್ ಹಿಡಿದು ಪಕ್ಕದ ಮನೆಗೆ ಹೋದಳು. ಅವರಲ್ಲಿ ದುಡ್ಡು ಕೊಟ್ಟು ತಂದ ತಂತ್ರಾಂಶವಿದೆ. ಹತ್ತು ನಿಮಿಷದಲ್ಲಿ ವಾಪಸು ಬಂದು, “ಅಲ್ಲೂ ಹೀಗೇ ಕಾಣುತ್ತೆ ಅಜ್ಜ” ಎಂದಳು. ತಪ್ಪು ತಂತ್ರಾಂಶದ್ದಲ್ಲ ಎಂದು ಆಗ ಗೊತ್ತಾಯಿತು.

ವೇಷ ಕಳಚಿದ ಅಕ್ಷರಗಳು

ಮಕ್ಕಳೇ, ಕಂಪ್ಯೂಟರಿಗೆ ಗೊತ್ತಿರುವುದು ಸಂಖ್ಯೆಗಳು ಮಾತ್ರ. ಹಿಂದೆ ಬಹಳಷ್ಟು ಕನ್ನಡ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದರು. ಯಕ್ಷಗಾನದ ವೇಷದ ಹಾಗೆ ಇದು. ಆ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ವೇಷ ಕಳಚಿ ಒಳಗಿನ ಇಂಗ್ಲಿಷ್ ಅಕ್ಷರ ಕಾಣಿಸುತ್ತದೆ. ಈಗಿನ ಯುನಿಕೋಡ್ ವ್ಯವಸ್ಥೆಯಲ್ಲಿ ಕನ್ನಡಕ್ಕೆ ಅದರದೇ ಸಂಖ್ಯೆಗಳಿವೆ. ‘ಅ’ ಎಂದರೆ 3205, ‘ಕ’ ಎಂದರೆ 3221. ಬೆಂಗಳೂರಾಗಲಿ, ಬೋಸ್ಟನ್ನಾಗಲಿ, ಅದು ಬದಲಾಗದು.

ಹಳೆಯ ಫಾಂಟ್ ಹುಡುಕಿ ಹಾಕಿದೆವು. ಹಾಡುಗಳು ಕಣ್ಣೆದುರು ಬಂದವು. ಆಮೇಲೆ ಪರಿವರ್ತಕವೊಂದರಿಂದ ಎಲ್ಲವನ್ನೂ ಯುನಿಕೋಡಿಗೆ ತಂದೆವು. ಅರ್ಕಾವತ್ತು, ಒತ್ತಕ್ಷರ ಇರುವಲ್ಲಿ ಅಲ್ಲಲ್ಲಿ ಎಡವಟ್ಟಾಗಿತ್ತು. ದಸರಾ ರಜೆಯ ಮಧ್ಯಾಹ್ನಗಳಲ್ಲಿ ನಾನು ಹಾಡಿದೆ, ಅವಳು ಪರದೆ ನೋಡಿ ತಿದ್ದಿದಳು. ಮುತ್ತಜ್ಜಿಯ ಹಾಡುಗಳನ್ನು ಅವಳು ಕೇಳಿದ್ದು ಅದೇ ಮೊದಲು.

ಉಚಿತವೂ ಹೌದು, ಮುಕ್ತವೂ ಹೌದು

ಲಿಬ್ರೆ ಆಫೀಸಿನ ಬೇರು ಜರ್ಮನಿಯಲ್ಲಿದೆ. ಹದಿಹರೆಯದ ಹುಡುಗ ಮಾರ್ಕೊ ಬೋರಿಸ್ 1985ರಲ್ಲಿ ಕಟ್ಟಿದ ಕಂಪನಿಯಿಂದ ಸ್ಟಾರ್ ಆಫೀಸ್ ಬಂತು. 1999ರಲ್ಲಿ ಅದನ್ನು ಕೊಂಡ ಸನ್ ಮೈಕ್ರೋಸಿಸ್ಟಮ್ಸ್, ಮರುವರ್ಷ ಅದರ ಮೂಲ ಸಂಕೇತವನ್ನು ಓಪನ್ ಆಫೀಸ್ ಹೆಸರಿನಲ್ಲಿ ಎಲ್ಲರಿಗೂ ತೆರೆದಿಟ್ಟಿತು. 2010ರಲ್ಲಿ ಅದರಿಂದ ಕವಲೊಡೆದದ್ದೇ ಲಿಬ್ರೆ ಆಫೀಸ್.

ಇಂಗ್ಲಿಷಿನಲ್ಲಿ ‘ಫ್ರೀ’ ಎಂದರೆ ಎರಡು ಅರ್ಥ. ನಮ್ಮಲ್ಲಿ ‘ಉಚಿತ’ ಬೇರೆ, ‘ಮುಕ್ತ’ ಬೇರೆ. ರಾಮನವಮಿಯ ದಿನ ಪಾನಕ ಕೊಟ್ಟರೆ ಅದು ಉಚಿತ. ಮಾಡುವ ವಿಧಾನ ಹೇಳಿಕೊಟ್ಟು, ‘ನಿಮಗೆ ಬೇಕಾದಷ್ಟು ಬೆಲ್ಲ ಹಾಕಿಕೊಳ್ಳಿ, ನೀವೂ ಹಂಚಿ’ ಎಂದರೆ ಅದು ಮುಕ್ತ. ಉಚಿತವಾದದ್ದೆಲ್ಲ ಮುಕ್ತವಲ್ಲ. ಲಿಬ್ರೆ ಆಫೀಸ್ ಎರಡೂ ಹೌದು. ಅದು ಬಳಸುವ ಓಡಿಎಫ್ ಎಂಬ ಕಡತದ ಮಾದರಿಯನ್ನು ಐಎಸ್‌ಒ 2006ರಲ್ಲೇ ಅಂತರರಾಷ್ಟ್ರೀಯ ಮಾನಕವೆಂದು ಒಪ್ಪಿದೆ. ಅದರ ವಿವರ ಗುಟ್ಟಲ್ಲವಾದ್ದರಿಂದ, ನಾಳೆ ಲಿಬ್ರೆ ಆಫೀಸೇ ಇಲ್ಲವಾದರೂ ಇನ್ನೊಬ್ಬರು ಆ ಕಡತ ತೆರೆಯುವ ತಂತ್ರಾಂಶ ಬರೆಯಬಹುದು. ಅಮ್ಮನ ಹಾಡುಗಳ ಮಟ್ಟಿಗೆ ನನಗೆ ದುಡ್ಡು ಉಳಿದದ್ದಕ್ಕಿಂತ ಇದೇ ದೊಡ್ಡ ಲಾಭ.

ತೊಡಕುಗಳೂ ಇವೆ

ಎಲ್ಲವೂ ಸಲೀಸಾಯಿತು ಎಂದರೆ ಸುಳ್ಳಾದೀತು. 40 ಪುಟದ ಮಾದರಿಯನ್ನು ಡಾಕ್ಸ್ ರೂಪದಲ್ಲಿ ಉಳಿಸಿ ಮುದ್ರಣದ ಅಂಗಡಿಗೆ ಒಯ್ದಾಗ, ಅಲ್ಲಿನ ತಂತ್ರಾಂಶದಲ್ಲಿ ಅದು 43 ಪುಟವಾಗಿ, ಹಾಡಿನ ತಲೆಬರಹ ಒಂದು ಪುಟದಲ್ಲಿ, ಹಾಡು ಮುಂದಿನ ಪುಟದಲ್ಲಿ ನಿಂತಿತ್ತು. ಪಿಡಿಎಫ್ ಮಾಡಿ ಕೊಟ್ಟಾಗ ಸರಿಹೋಯಿತು. ಮೊಮ್ಮಗಳು ಇಂಪ್ರೆಸ್‌ನಲ್ಲಿ ಮಾಡಿದ ವಿಜ್ಞಾನದ ಸ್ಲೈಡುಗಳು ಶಾಲೆಯ ಕಂಪ್ಯೂಟರಿನಲ್ಲಿ ತೆರೆದಾಗ ಚಿತ್ರಗಳು ಜಾಗ ಬದಲಿಸಿದ್ದವು. ನಮ್ಮ ಸೊಸೈಟಿಯ ಲೆಕ್ಕದ ಕಡತದಲ್ಲಿ ಮ್ಯಾಕ್ರೋ ಎಂಬ ಸ್ವಯಂಚಾಲಿತ ಆದೇಶಗಳಿವೆ. ಅವು ಕ್ಯಾಲ್ಕ್‌ನಲ್ಲಿ ಓಡಲಿಲ್ಲ. ಆ ಒಂದು ಕೆಲಸಕ್ಕೆ ಇಂದಿಗೂ ಕಾರ್ಯದರ್ಶಿಗಳ ಕಂಪ್ಯೂಟರೇ ಗತಿ. ಜೊತೆಗೆ, ಬೆರಳಿಗೆ ರೂಢಿಯಾದ ಗುಂಡಿಗಳು ಬೇರೆ ಜಾಗಕ್ಕೆ ಹೋದರೆ ನನ್ನ ವಯಸ್ಸಿನವರಿಗೆ ಒಂದು ತಿಂಗಳಾದರೂ ಪರದಾಟ ತಪ್ಪದು.

ದೊಡ್ಡವರಿಗೂ ಇದು ಸುಲಭವಲ್ಲ. ಜರ್ಮನಿಯ ಮ್ಯೂನಿಕ್ ನಗರಾಡಳಿತ 2003ರಲ್ಲಿ ಮುಕ್ತ ತಂತ್ರಾಂಶಕ್ಕೆ ಹೋಗಲು ತೀರ್ಮಾನಿಸಿ ಸಾವಿರಾರು ಕಂಪ್ಯೂಟರುಗಳನ್ನು ಬದಲಾಯಿಸಿತು. 2017ರಲ್ಲಿ ವಿಂಡೋಸ್‌ಗೆ ಮರಳಲು ತೀರ್ಮಾನಿಸಿತು. ಇತ್ತ ನೆರೆಯ ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ಎಷ್ಟೋ ವರ್ಷಗಳಿಂದ ಮುಕ್ತ ತಂತ್ರಾಂಶದಲ್ಲೇ ಕಂಪ್ಯೂಟರ್ ಕಲಿಯುತ್ತಿದ್ದಾರೆ. ಎಳೆಯ ಬೆರಳುಗಳಿಗೆ ಮರೆಯಬೇಕಾದ ಹಳೆಯ ರೂಢಿ ಇರುವುದಿಲ್ಲವಲ್ಲ!

ಬದಲಾಯಿಸುವ ಮುನ್ನ

* ಹಳೆಯ ಕಡತಗಳ ಪ್ರತಿ ತೆಗೆದಿಟ್ಟು, ಆ ಪ್ರತಿಯ ಮೇಲೆ ಪ್ರಯೋಗ ಮಾಡಿ. ಮೂಲವನ್ನು ಮುಟ್ಟಬೇಡಿ.
* ಹಳೆಯ ತಂತ್ರಾಂಶವನ್ನು ಕೂಡಲೇ ತೆಗೆಯಬೇಡಿ. ಒಂದೇ ಕಂಪ್ಯೂಟರಿನಲ್ಲಿ ಎರಡೂ ಇರಬಹುದು.
* ಲಿಬ್ರೆ ಆಫೀಸನ್ನು ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. ಹೆಸರು ಹೋಲುವ ಬೇರೆ ತಾಣಗಳಿಗೆ ಹೋಗಬೇಡಿ.
* ಕನ್ನಡವನ್ನು ಯುನಿಕೋಡಿನಲ್ಲೇ ಬರೆಯಿರಿ, ತಂತ್ರಾಂಶ ಯಾವುದೇ ಇರಲಿ.
* ಬೇರೆಯವರು ಬರೀ ಓದಬೇಕಾದ್ದನ್ನು ಪಿಡಿಎಫ್ ಮಾಡಿ ಕಳಿಸಿ.
* ಶಾಲೆಯೋ ಕಚೇರಿಯೋ ಇಂಥದ್ದೇ ತಂತ್ರಾಂಶ ಬೇಕೆಂದರೆ ಮೊದಲೇ ಕೇಳಿಕೊಳ್ಳಿ.

ಅಮ್ಮನ ಹಾಡುಗಳ ಪುಸ್ತಕದ 30 ಪ್ರತಿಗಳು ಸಂಕ್ರಾಂತಿಗೆ ಮನೆಗೆ ಬಂದವು. ಎಳ್ಳು ಬೀರಲು ಹೋದ ಮನೆಗಳಿಗೆಲ್ಲ ಒಂದೊಂದು ಕೊಟ್ಟೆವು. ನಿಮ್ಮ ಮನೆಯ ಕಪಾಟಿನಲ್ಲೂ ಹಳೆಯ ಪೆನ್‌ಡ್ರೈವೋ ಸಿ.ಡಿ.ಯೋ ಇದ್ದೀತು. ಈ ರಜೆಯಲ್ಲಿ ತೆಗೆದು ನೋಡಿ. ನೋಡುವಾಗ ಅಜ್ಜನನ್ನೋ ಅಜ್ಜಿಯನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ. ಎಲ್ಲಿ ತಪ್ಪಿದೆ ಎಂದು ಹೇಳಬಲ್ಲವರು ಅವರೇ.