ಅನಿಲದ ಬೀಗದ ಕೈ

ಒಂದು ರಾಷ್ಟ್ರದ ಒಲೆಯ ಬೀಗದ ಕೈ ಮತ್ತೊಂದು ರಾಷ್ಟ್ರದ ವಶದಲ್ಲಿದ್ದರೆ ಏನಾದೀತೆಂಬುದನ್ನು ತಿಳಿಯಬಯಸುವವರು ರಷ್ಯಾ ದೇಶದ ಗಾಜ್‌ಪ್ರೋಮ್ ಕಂಪನಿಯ ವೃತ್ತಾಂತವನ್ನು ಪರ್ಯಾಲೋಚಿಸಬೇಕು.

1989ರಲ್ಲಿ ಸೋವಿಯೆಟ್ ಸರಕಾರದ ಅನಿಲೋದ್ಯಮ ಖಾತೆಯೇ ಈ ಸಂಸ್ಥೆಯಾಗಿ ಮಾರ್ಪಟ್ಟಿತು. ಆ ಖಾತೆಯ ಮಂತ್ರಿಗಳಾಗಿದ್ದ ಚೆರ್ನೊಮಿರ್ದಿನ್ ಅವರೇ ಅದರ ಮುಖ್ಯಸ್ಥರಾದರು; 1992ರಲ್ಲಿ ರಷ್ಯಾದ ಪ್ರಧಾನಿಗಳೂ ಆದರು. ತೈಲೋದ್ಯಮವು ಹಲವು ಖಾಸಗಿ ಕೈಗಳಿಗೆ ಹಂಚಿಹೋದರೂ ಅನಿಲೋದ್ಯಮವು ಇಡಿಯಾಗಿ ಉಳಿಯಿತು. 2005ರಲ್ಲಿ ಅದರ ಅರ್ಧಕ್ಕೂ ಮಿಕ್ಕಿದ ಪಾಲು ಸರಕಾರದ ಒಡೆತನಕ್ಕೆ ಬಂದಿತು. ಅಂದಿನಿಂದ ಅದು ವರ್ತಕನೋ, ರಾಜದೂತನೋ ಎಂದು ಹೇಳುವುದೇ ಕಷ್ಟವಾಯಿತು.

ಈ ಕಂಪನಿಗೆ ಪಿತ್ರಾರ್ಜಿತವಾಗಿ ಬಂದ ಆಸ್ತಿ ಕೇವಲ ಕೊಳವೆಗಳಲ್ಲ. ಗಿರಾಕಿಗಳ ನಂಬಿಕೆಯೂ ಬಂದಿತ್ತು. 1968ರಲ್ಲಿ ಆಸ್ಟ್ರಿಯಕ್ಕೂ 1973ರಲ್ಲಿ ಪಶ್ಚಿಮ ಜರ್ಮನಿಗೂ ಹರಿಯತೊಡಗಿದ ಸೋವಿಯೆಟ್ ಅನಿಲವು ಶೀತಲ ಸಮರದ ಕಡುವೈರದ ದಿನಗಳಲ್ಲಿಯೂ ನಿಲ್ಲಲಿಲ್ಲ. ಆದರೆ 2006ರ ಮತ್ತು 2009ರ ಜನವರಿಗಳಲ್ಲಿ ಬೆಲೆ, ಬಾಕಿಗಳ ವಿಷಯವಾಗಿ ಯುಕ್ರೇನಿನೊಡನೆ ಜಗಳವೆದ್ದಾಗ ಸರಬರಾಜು ತಡೆಯಲ್ಪಟ್ಟಿತು. ಎರಡನೆಯ ಸಲ ಸುಮಾರು ಎರಡು ವಾರ, ಕೊರೆಯುವ ಚಳಿಯಲ್ಲಿ, ಜಗಳಕ್ಕೆ ಸಂಬಂಧವೇ ಇಲ್ಲದ ಬಲ್ಗೇರಿಯ, ಸ್ಲೊವಾಕಿಯಗಳು ಕಷ್ಟಪಟ್ಟವು. ಇಷ್ಟಾದರೂ ಯುರೋಪು ಎಚ್ಚರಗೊಳ್ಳಲಿಲ್ಲ. 2021ರಲ್ಲಿ ಯುರೋಪಿಯನ್ ಒಕ್ಕೂಟವು ಆಮದು ಮಾಡಿಕೊಂಡ ಅನಿಲದಲ್ಲಿ ಶೇಕಡ 45ರಷ್ಟು ರಷ್ಯಾದ್ದೇ ಆಗಿದ್ದಿತು.

2022ರಲ್ಲಿ ಯುಕ್ರೇನಿನ ಮೇಲೆ ರಷ್ಯಾ ದಂಡೆತ್ತಿದ ಬಳಿಕ ಕೀಲು ತಿರುಗಿತು. ಒಂದೊಂದೇ ದೇಶಕ್ಕೆ ಅನಿಲ ನಿಂತಿತು. ಯುರೋಪು ವಿಪರೀತ ಬೆಲೆ ತೆತ್ತು, ನಾರ್ವೆಯಿಂದಲೂ ಹಡಗುಗಳಲ್ಲಿ ಅಮೆರಿಕದಿಂದಲೂ ಅನಿಲ ತರಿಸಿ ಚಳಿಗಾಲವನ್ನು ದಾಟಿತು. ಗಾಜ್‌ಪ್ರೋಮ್ 2023ರಲ್ಲಿ ಸುಮಾರು 62,900 ಕೋಟಿ ರೂಬಲ್‌ಗಳ ನಷ್ಟವನ್ನು ಅನುಭವಿಸಿತು. ಹಡಗಾದರೆ ಬೇರೆ ಬಂದರಿಗೆ ತಿರುಗೀತು. ನೆಲದಲ್ಲಿ ಹೂತ ಕೊಳವೆ ತಿರುಗಲಾರದು. 2019ರಲ್ಲಿ ಚೀನಕ್ಕೆ ತೆರೆದ ಮಾರ್ಗವು ಪೂರ್ವ ಸೈಬೀರಿಯದ ಬೇರೆ ನಿಕ್ಷೇಪಗಳದು. ಯುರೋಪು ಬಿಟ್ಟುಹೋದ ಅನಿಲವನ್ನು ಅದು ಸಾಗಿಸಲಾರದು.

ಈ ಪಾಠ ನಮಗೆ ದೂರದ್ದಲ್ಲ. ನಮ್ಮ ಸರಕಾರಿ ಕಂಪನಿಯಾದ ಗೇಲ್ 2012ರಲ್ಲಿ ಗಾಜ್‌ಪ್ರೋಮಿನ ಅಂಗಸಂಸ್ಥೆಯೊಡನೆ 20 ವರ್ಷಗಳ ಕರಾರು ಮಾಡಿಕೊಂಡಿದ್ದಿತು. 2022ರಲ್ಲಿ ಗಾಜ್‌ಪ್ರೋಮಿನ ಜರ್ಮನಿಯ ಶಾಖೆ ಜರ್ಮನ್ ಸರಕಾರದ ವಶವಾದಾಗ ಬರಬೇಕಾದ ಹಡಗುಗಳು ಬಾರದಾದವು. ಇಲ್ಲಿಯ ಗೊಬ್ಬರದ ಕಾರ್ಖಾನೆಗಳಿಗೆ ಅನಿಲವನ್ನು ಕಡಿತಗೊಳಿಸಬೇಕಾಯಿತು. ದಾಭೋಳದಿಂದ ಬೆಂಗಳೂರಿಗೆ 2013ರಲ್ಲಿ ಅನಿಲಮಾರ್ಗ ಪಡೆದ ಕನ್ನಡಿಗರೂ ಇದನ್ನು ಗಮನಿಸತಕ್ಕದ್ದು.

ಸರಕಾರವು ವ್ಯಾಪಾರ ಮಾಡಬಾರದೆಂಬುದು ನಮ್ಮ ವಾದವಲ್ಲ. ವ್ಯಾಪಾರದ ತಕ್ಕಡಿಯನ್ನು ಯುದ್ಧದ ಆಯುಧ ಮಾಡಿಕೊಂಡವನಿಗೆ ಕೊನೆಗೆ ತಕ್ಕಡಿಯೂ ಉಳಿಯದು. ಒಬ್ಬನೇ ಮಾರಾಟಗಾರನನ್ನು ನಂಬಿದವನಿಗೂ ನೆಮ್ಮದಿಯಿಲ್ಲ. ಈ ಎರಡೂ ಮಾತುಗಳನ್ನು ನಮ್ಮ ಅಧಿಕಾರಿಗಳು ಮುಂದಿನ ಕರಾರಿಗೆ ರುಜು ಹಾಕುವ ಮುನ್ನ ನೆನೆಯುವರೆಂದು ನಾವು ಆಶಿಸುತ್ತೇವೆ.