ಲಿನಕ್ಸ್ ತಂತ್ರಾಂಶದ ಪರಿಷ್ಕರಣಕ್ರಮ

ಒಂದು ಗ್ರಂಥವು ಅನೇಕ ಲಿಪಿಕಾರರ ಕೈಯಲ್ಲಿ ಪ್ರತಿಯಾಗುತ್ತ ಬಂದಾಗ ಅದರಲ್ಲಿ ಸ್ಖಾಲಿತ್ಯಗಳು ಸೇರುವುದೂ, ಅನಂತರ ಬಂದ ವಿದ್ವಾಂಸರು ಅವನ್ನು ತಿದ್ದಿ ಶುದ್ಧಪಾಠವನ್ನು ನಿರ್ಣಯಿಸುವುದೂ ಗ್ರಂಥಸಂಪಾದನೆಯಲ್ಲಿ ಪರಿಶ್ರಮವುಳ್ಳವರಿಗೆಲ್ಲ ವಿದಿತವಾದ ವಿಷಯ. ಗಣಕವನ್ನು ನಡೆಯಿಸುವ ತಂತ್ರಾಂಶವೂ ಮನುಷ್ಯರು ಬರೆದ ಬರಹವೇ ಆದುದರಿಂದ ಈ ನಿಯಮಕ್ಕೆ ಹೊರತಾದುದಲ್ಲ. ಇಂದು ನಿಘಂಟುಗಳೂ ಶಾಸನಪಾಠಗಳೂ ಹಸ್ತಪ್ರತಿಗಳ ಛಾಯಾಚಿತ್ರಗಳೂ ಗಣಕಗಳಲ್ಲಿ ರಕ್ಷಿತವಾಗುತ್ತಿರುವುದರಿಂದ, ಅವಕ್ಕೆ ಆಧಾರವಾದ ತಂತ್ರಾಂಶವನ್ನು ಕಾಲಕಾಲಕ್ಕೆ ಪರಿಷ್ಕರಿಸುವ ಕ್ರಮವನ್ನು ಅರಿಯುವುದು ವಿದ್ವಾಂಸರಿಗೂ ಅವಶ್ಯಕವಾಗಿದೆ. ಈ ಕ್ರಮದಲ್ಲಿ ಪರಸ್ಪರ ಭಿನ್ನವಾದ ಮೂರು ಕ್ರಿಯೆಗಳಿವೆ: ಪಟ್ಟಿಯನ್ನು ಹೊಸದುಮಾಡುವುದು ಒಂದು, ಪಾಠವನ್ನು ಬದಲಿಸುವುದು ಎರಡು, ಬದಲಿಸಿದ ಪಾಠವನ್ನು ಪ್ರಯೋಗಕ್ಕೆ ತರುವುದು ಮೂರು. ಇವು ಮೂರನ್ನೂ ಒಂದೆಂದೆಣಿಸುವವನು ದೋಷಯುಕ್ತವಾದ ತಂತ್ರಾಂಶವನ್ನೇ ನಡೆಯಿಸುತ್ತ ತಾನು ಸುರಕ್ಷಿತನೆಂದು ನಂಬಿರುವನು. ಈ ಭ್ರಾಂತಿಯ ನಿವಾರಣೆಯೇ ಪ್ರಸ್ತುತ ಲೇಖನದ ಪ್ರಯೋಜನವು.

ಲಿನಕ್ಸ್ ಎಂಬುದು ವಸ್ತುತಃ ಯಂತ್ರದ ಭಾಗಗಳನ್ನು ಆಳುವ ‘ಕರ್ನೆಲ್’ ಎಂಬ ಮೂಲ ತಂತ್ರಾಂಶದ ಹೆಸರು. ಇದನ್ನು ಲೀನಸ್ ಟೊರ್ವಾಲ್ಡ್ಸ್ ಎಂಬವರು ೧೯೯೧ರಲ್ಲಿ ಫಿನ್ಲೆಂಡಿನಲ್ಲಿ ರಚಿಸಿ ಪ್ರಕಟಿಸಿದರು. ಕರ್ನೆಲ್ ಒಂದರಿಂದಲೇ ಬಳಕೆದಾರನ ಕೆಲಸ ನಡೆಯದಾದಕಾರಣ, ಅದರೊಡನೆ ಸಾವಿರಾರು ತಂತ್ರಾಂಶಗಳನ್ನು ಕೂಡಿಸಿ, ಒಂದಕ್ಕೊಂದು ಹೊಂದುವಂತೆ ಸಜ್ಜುಗೊಳಿಸಿ ಹಂಚುವ ‘ವಿತರಣೆ’ಗಳು ಹುಟ್ಟಿದುವು. ಅವುಗಳಲ್ಲೊಂದಾದ ಡೆಬಿಯನ್ನನ್ನು ಇಯನ್ ಮರ್ಡಾಕ್ ಎಂಬವರು ೧೯೯೩ರ ಆಗಸ್ಟಿನಲ್ಲಿ ಆರಂಭಿಸಿದರು. ೨೦೦೪ರಲ್ಲಿ ಹೊರಬಂದ ಉಬುಂಟು ಇದರಿಂದ ಹುಟ್ಟಿದುದು. ಇವುಗಳಲ್ಲಿ ತಂತ್ರಾಂಶವು ‘ಪ್ಯಾಕೇಜು’ಗಳ ರೂಪದಲ್ಲಿ ದೊರೆಯುತ್ತದೆ. ಒಂದೊಂದು ಪ್ಯಾಕೇಜಿನಲ್ಲಿಯೂ ತಂತ್ರಾಂಶದ ಕಡತಗಳಲ್ಲದೆ, ಅದರ ಹೆಸರು, ಆವೃತ್ತಿ, ಅದು ಬೇರೆ ಯಾವ ಪ್ಯಾಕೇಜುಗಳನ್ನು ಅಪೇಕ್ಷಿಸುತ್ತದೆ ಎಂಬೀ ವಿವರಗಳು ಇರುತ್ತವೆ. ಪ್ಯಾಕೇಜುಗಳನ್ನು ದೂರದ ಭಂಡಾರಗಳಿಂದ ತರಿಸಿ ಕ್ರಮವರಿತು ಸ್ಥಾಪಿಸುವ ಸಾಧನಕ್ಕೆ ‘ಆಪ್ಟ್’ ಎಂದು ಹೆಸರು. ಇದು ೧೯೯೯ರಲ್ಲಿ ಬಂದ ಡೆಬಿಯನ್ ೨.೧ರಿಂದ ರೂಢಿಗೆ ಬಂದಿತು. ಚಿತ್ರಗಳನ್ನೊತ್ತದೆ, ‘ಟರ್ಮಿನಲ್’ ಎಂಬ ಕಿಟಕಿಯಲ್ಲಿ ಆಜ್ಞೆಯನ್ನು ಅಕ್ಷರಗಳಲ್ಲಿ ಟೈಪುಮಾಡಿ ಇದರಿಂದ ಕೆಲಸಮಾಡಿಸಬಹುದು. ಆಜ್ಞೆಗಳನ್ನು ಟೈಪುಮಾಡಬೇಕಾದುದು ರೋಮನ್ ಸಣ್ಣಕ್ಷರಗಳಲ್ಲಿ. ಇಲ್ಲಿ ಅವುಗಳ ಉಚ್ಚಾರಣೆಯನ್ನು ಮಾತ್ರ ಕೊಟ್ಟಿದೆ. ವ್ಯವಸ್ಥೆಯನ್ನು ಬದಲಿಸುವ ಆಜ್ಞೆಗಳಿಗೆ ಆಡಳಿತಾಧಿಕಾರವು ಬೇಕಾದುದರಿಂದ ಅವುಗಳ ಮುಂದೆ ‘ಸೂಡೂ’ ಎಂಬ ಪದವನ್ನು ಸೇರಿಸುವುದು ವಾಡಿಕೆ.

ಮೊದಲನೆಯ ಕ್ರಿಯೆಗೆ ‘ಆಪ್ಟ್ ಅಪ್‌ಡೇಟ್’ ಎಂಬುದು ಆಜ್ಞೆ. ಇದನ್ನು ಕೊಟ್ಟೊಡನೆ ಗಣಕವು ತನ್ನಲ್ಲಿ ನಮೂದಾಗಿರುವ ಭಂಡಾರಗಳನ್ನು ಸಂಪರ್ಕಿಸಿ, ಅಲ್ಲಿ ಯಾವ ಪ್ಯಾಕೇಜಿನ ಯಾವ ಆವೃತ್ತಿಯಿದೆಯೆಂಬ ಸೂಚಿಯನ್ನು ತರಿಸಿಕೊಳ್ಳುತ್ತದೆ. ಸ್ಥಾಪಿತವಾದ ತಂತ್ರಾಂಶದಲ್ಲಿ ಒಂದಕ್ಷರವೂ ಇದರಿಂದ ಬದಲಾಗುವುದಿಲ್ಲ. ಪುಸ್ತಕಭಂಡಾರದ ಹೊಸ ಪಟ್ಟಿ ಕೈಸೇರಿದ ಮಾತ್ರಕ್ಕೆ ಮನೆಯಲ್ಲಿರುವ ಹಳೆಯ ಪುಸ್ತಕವು ಶುದ್ಧವಾಗದಷ್ಟೆ. ‘ಅಪ್‌ಡೇಟ್’ ಎಂಬ ಶಬ್ದಕ್ಕೆ ‘ಹೊಸದುಮಾಡು’ ಎಂಬ ಸಾಮಾನ್ಯಾರ್ಥವಿರುವುದರಿಂದಲೇ ಅನೇಕರು ಇಲ್ಲಿ ಮೋಸಹೋಗುವರು. ಫೆಡೋರಾ ಎಂಬ ಮತ್ತೊಂದು ವಿತರಣೆಯ ‘ಡಿಎನ್‌ಎಫ್’ ಸಾಧನದಲ್ಲಿ ಇದೇ ಶಬ್ದವು ಪ್ಯಾಕೇಜುಗಳನ್ನೇ ಬದಲಿಸುವ ಅರ್ಥದಲ್ಲಿ ಪ್ರಯುಕ್ತವಾಗಿರುವುದು ಈ ಗೊಂದಲವನ್ನು ಹೆಚ್ಚಿಸಿದೆ. ಶಬ್ದವೊಂದೇ ಆದರೂ ಪ್ರಸ್ಥಾನಭೇದದಿಂದ ಅರ್ಥವು ಬೇರೆಯಾಗುವುದಕ್ಕೆ ಇದೊಂದು ನಿದರ್ಶನ.

ತರಿಸಿದ ಪಟ್ಟಿಯನ್ನು ನಂಬುವುದು ಹೇಗೆಂಬ ಪ್ರಶ್ನೆಯು ಇಲ್ಲಿಯೇ ಏಳುತ್ತದೆ. ೨೦೦೭ರ ಡೆಬಿಯನ್ ೪.೦ರಿಂದ ಇದಕ್ಕೊಂದು ಪ್ರಮಾಣಪರಂಪರೆಯು ಏರ್ಪಟ್ಟಿದೆ. ಭಂಡಾರದ ‘ರಿಲೀಸ್’ ಎಂಬ ಮುಖ್ಯ ಕಡತಕ್ಕೆ ವಿತರಣೆಯವರ ಗಣಿತಸಿದ್ಧವಾದ ಮುದ್ರೆಯಿರುತ್ತದೆ. ಆ ಕಡತದಲ್ಲಿ ಪಟ್ಟಿಗಳ ಸಂಕ್ಷಿಪ್ತಾಂಕಗಳೂ, ಆ ಪಟ್ಟಿಗಳಲ್ಲಿ ಒಂದೊಂದು ಪ್ಯಾಕೇಜಿನ ಸಂಕ್ಷಿಪ್ತಾಂಕವೂ ಇರುತ್ತವೆ. ಪ್ಯಾಕೇಜಿನಲ್ಲಿ ಒಂದಕ್ಷರ ವ್ಯತ್ಯಸ್ತವಾದರೂ ಅಂಕವು ಹೊಂದದು. ಆಪ್ಟ್ ಅದನ್ನು ನಿರಾಕರಿಸುವುದು. ಮುದ್ರೆಯು ಪರೀಕ್ಷೆಯಲ್ಲಿ ನಿಲ್ಲಲಿಲ್ಲವೆಂಬ ಎಚ್ಚರಿಕೆ ಕಂಡಾಗ ಅದನ್ನು ಬದಿಗೊತ್ತಿ ಮುಂದುವರಿಯುವುದು ಕರ್ತೃವಿಲ್ಲದ ಪತ್ರವನ್ನು ಶಾಸನವೆಂದು ಸ್ವೀಕರಿಸಿದಂತೆಯೇ ಸರಿ.

ಎರಡನೆಯ ಕ್ರಿಯೆಗೆ ಮುನ್ನ ‘ಆಪ್ಟ್ ಲಿಸ್ಟ್ --ಅಪ್‌ಗ್ರೇಡಬಲ್’ ಎಂದು ಕೇಳಿ, ಬದಲಾಗತಕ್ಕವು ಯಾವುವೆಂದು ನೋಡಿಕೊಳ್ಳುವುದು ಯುಕ್ತ. ‘ಆಪ್ಟ್ ಅಪ್‌ಗ್ರೇಡ್’ ಎಂದರೆ ಪಾಠವು ನಿಜವಾಗಿ ಬದಲಾಗುತ್ತದೆ. ಈ ಆಜ್ಞೆಯು ಅವಶ್ಯವಾದರೆ ಹೊಸ ಪ್ಯಾಕೇಜನ್ನು ಸೇರಿಸುವುದೇ ಹೊರತು, ಇರುವ ಯಾವುದನ್ನೂ ತೆಗೆಯದು. ‘ಆಪ್ಟ್ ಫುಲ್-ಅಪ್‌ಗ್ರೇಡ್’ ಎಂಬುದಾದರೋ ಅವಶ್ಯಬಿದ್ದಲ್ಲಿ ಇರುವುದನ್ನು ತೆಗೆದುಹಾಕುವುದಕ್ಕೂ ಹಿಂಜರಿಯದು. ಆದಕಾರಣ ಅದು ತೋರಿಸುವ ಪಟ್ಟಿಯನ್ನು ಓದದೆ ಸಮ್ಮತಿಸಬಾರದು. ‘ಆಪ್ಟ್ ರಿಮೂವ್’ ಪ್ಯಾಕೇಜನ್ನು ತೆಗೆದು ಅದರ ವ್ಯವಸ್ಥಾಕಡತಗಳನ್ನು ಉಳಿಸುವುದು. ‘ಆಪ್ಟ್ ಪರ್ಜ್’ ಅವನ್ನೂ ಅಳಿಸುವುದು. ಒಂದು ಪ್ಯಾಕೇಜನ್ನು ಇದ್ದಂತೆಯೇ ಇರಿಸಬೇಕಾದರೆ ‘ಆಪ್ಟ್-ಮಾರ್ಕ್ ಹೋಲ್ಡ್’ ಎಂಬುದು ಸಾಧನ. ಪ್ಯಾಕೇಜುಗಳ ಪರಸ್ಪರಾಪೇಕ್ಷೆಗೆ ಕನ್ನಡದ ಉದಾಹರಣೆಯೇ ಇದೆ: ಡೆಬಿಯನ್ನಿನ ‘ಫಾಂಟ್ಸ್-ಕೆಎನ್‌ಡಿಎ’ ಎಂಬ ಪ್ಯಾಕೇಜಿನಲ್ಲಿ ಸ್ವತಃ ಯಾವ ಲಿಪಿಯೂ ಇಲ್ಲ, ಅದನ್ನು ಸ್ಥಾಪಿಸಿದರೆ ಗುಬ್ಬಿ, ನವಿಲು ಮೊದಲಾದ ಕನ್ನಡ ಅಕ್ಷರವಿನ್ಯಾಸಗಳು ಅದರ ಅಪೇಕ್ಷೆಯಿಂದ ತಾವಾಗಿಯೇ ಬರುವುವು. ನಡೆದ ಬದಲಾವಣೆಗಳೆಲ್ಲ ‘ಹಿಸ್ಟರಿ.ಲಾಗ್’ ಎಂಬ ಕಡತದಲ್ಲಿ ದಿನಾಂಕಸಹಿತ ದಾಖಲಾಗುತ್ತವೆ.

ಆವೃತ್ತಿಯ ಅಂಕವನ್ನು ಮಾತ್ರ ನೋಡಿ ಶುದ್ಧಾಶುದ್ಧಗಳನ್ನು ನಿರ್ಣಯಿಸಲಾಗದೆಂಬುದಕ್ಕೆ ೨೦೧೪ರ ವೃತ್ತಾಂತವು ಸಾಕ್ಷಿ. ಗೂಢಲಿಪಿಯ ವ್ಯವಹಾರಕ್ಕೆ ಆಧಾರವಾದ ‘ಓಪನ್‌ಎಸ್‌ಎಸ್‌ಎಲ್’ ತಂತ್ರಾಂಶದ ೧.೦.೧ರಿಂದ ೧.೦.೧ಎಫ್‌ವರೆಗಿನ ಆವೃತ್ತಿಗಳಲ್ಲಿ ಒಂದು ದೋಷವು ಕಂಡುಬಂದಿತು. ಅದರ ಬಲದಿಂದ ಹೊರಗಿನವನು ಒಂದೊಂದು ವಿಚಾರಣೆಗೆ ೬೪ ಕಿಲೋಬೈಟ್‌ವರೆಗೆ ಸರ್ವರಿನ ಸ್ಮೃತಿಯನ್ನು ಓದಬಹುದಾಗಿದ್ದಿತು. ‘ಹಾರ್ಟ್‌ಬ್ಲೀಡ್’ ಎಂದು ಪ್ರಸಿದ್ಧವಾದ ಇದು ಏಪ್ರಿಲ್ ೭ರಂದು ಪ್ರಕಟವಾಯಿತು. ಮೂಲಕರ್ತೃಗಳು ತಿದ್ದಿದ ಆವೃತ್ತಿಗೆ ೧.೦.೧ಜಿ ಎಂದು ಹೆಸರಿಟ್ಟರು. ಡೆಬಿಯನ್ ೭ರವರು ಹಾಗೆ ಮಾಡದೆ, ತಮ್ಮಲ್ಲಿದ್ದ ೧.೦.೧ಇ ಪಾಠವನ್ನೇ ಉಳಿಸಿಕೊಂಡು ದೋಷವಿದ್ದ ಸ್ಥಳವನ್ನಷ್ಟೇ ತಿದ್ದಿ, ಅಂಕದ ಕೊನೆಯಲ್ಲಿ ತಮ್ಮ ಸಂಜ್ಞೆಯನ್ನು ಬದಲಿಸಿದರು. ಅಂಕದ ಆದಿಯನ್ನು ಮಾತ್ರ ಓದಿದವನಿಗೆ ತಿದ್ದಿದ್ದೂ ತಿದ್ದದ್ದೂ ಒಂದೇ ಆಗಿ ತೋರುತ್ತಿದ್ದುವು.

ಮೂರನೆಯ ಕ್ರಿಯೆಯೇ ಅತ್ಯಂತ ಉಪೇಕ್ಷಿತವಾದುದು. ಓಡುತ್ತಿರುವ ತಂತ್ರಾಂಶವು ತನ್ನ ಪಾಠವನ್ನು ಆಗಲೇ ಗಣಕದ ಸ್ಮೃತಿಗೆ ತಂದುಕೊಂಡಿರುತ್ತದೆ. ತಟ್ಟೆಯ ಮೇಲಿನ ಕಡತವು ಬದಲಾದರೂ ಅದು ಹಳೆಯದನ್ನೇ ಹಿಡಿದಿರುವುದು. ಪಾಠಶಾಲೆಯ ಪುಸ್ತಕವನ್ನು ತಿದ್ದಿದರೂ, ಮೊದಲೇ ಕಂಠಸ್ಥಮಾಡಿದ ವಿದ್ಯಾರ್ಥಿಯು ತಪ್ಪು ಪಾಠವನ್ನೇ ಒಪ್ಪಿಸುವನಲ್ಲವೆ? ಆದುದರಿಂದ ಸಂಬಂಧಪಟ್ಟ ಸೇವೆಯನ್ನು ನಿಲ್ಲಿಸಿ ಪುನಃ ಆರಂಭಿಸಬೇಕು; ಕರ್ನೆಲ್ ಬದಲಾಗಿದ್ದರೆ ಸಾಮಾನ್ಯವಾಗಿ ಗಣಕವನ್ನೇ ಪುನಃ ಆರಂಭಿಸಬೇಕು. ಯಾವ ಸೇವೆಗಳು ಹಳೆಯ ಪಾಠವನ್ನು ಹಿಡಿದಿವೆಯೆಂದು ತೋರಿಸುವುದಕ್ಕೆ ‘ನೀಡ್‌ರೀಸ್ಟಾರ್ಟ್’ ಎಂಬ ಸಾಧನವಿದೆ.

ಇಲ್ಲಿ ಒಂದು ಆಕ್ಷೇಪವು ಸಂಭವಿಸುತ್ತದೆ: ತಿದ್ದುಪಡಿಯಿಂದಲೇ ಹೊಸ ದೋಷ ಹುಟ್ಟಬಹುದಾದ್ದರಿಂದ, ನಡೆಯುತ್ತಿರುವುದನ್ನು ಮುಟ್ಟದಿರುವುದೇ ಲೇಸಲ್ಲವೆ? ಈ ಆಕ್ಷೇಪವು ನಿರಾಧಾರವಲ್ಲ. ೨೦೦೬ರ ಸೆಪ್ಟೆಂಬರಿನಲ್ಲಿ ಡೆಬಿಯನ್ನಿನಲ್ಲಿ ಮೇಲೆ ಹೇಳಿದ ಓಪನ್‌ಎಸ್‌ಎಸ್‌ಎಲ್‌ನಿಂದ, ಪರೀಕ್ಷಾಸಾಧನವೊಂದು ಎಚ್ಚರಿಕೆ ಕೊಡುತ್ತಿದ್ದ ಸಾಲನ್ನು ಅನಾವಶ್ಯಕವೆಂದು ತಿಳಿದು ಅಂಥದೇ ಇನ್ನೊಂದರೊಡನೆ ತೆಗೆಯಲಾಯಿತು. ಕೀಲಿಗಳಿಗೆ ಬೇಕಾದ ಯಾದೃಚ್ಛಿಕತೆಯು ಆ ಎರಡರ ಲೋಪದಿಂದ ನಷ್ಟವಾಯಿತು. ಊಹಿಸಲಸಾಧ್ಯವಾಗಿರಬೇಕಾದ ಗೂಢಕೀಲಿಗಳು ಒಂದೊಂದು ಬಗೆಯಲ್ಲಿ ೩೨,೭೬೮ಕ್ಕೆ ಮೀರದಷ್ಟಾದುವು. ಅರ್ಥವಾಗದ ಪದವನ್ನು ಅಪಪಾಠವೆಂದು ಅಳಿಸಿದ ಲಿಪಿಕಾರನ ಪ್ರಮಾದವೇ ಇದು. ೨೦೦೮ರ ಮೇ ೧೩ರಂದು ದೋಷವೂ ಅದರ ತಿದ್ದುಪಡಿಯೂ ಪ್ರಕಟವಾದುವು. ಆದರೆ ತಂತ್ರಾಂಶವು ಶುದ್ಧವಾದ ಮಾತ್ರಕ್ಕೆ, ನಡುವಣ ಕಾಲದಲ್ಲಿ ಅದರಿಂದ ಹುಟ್ಟಿದ್ದ ಕೀಲಿಗಳು ಬಲವಾಗಲಿಲ್ಲ. ಅವನ್ನು ಹುಡುಕಿ ತೆಗೆದು ಹೊಸದಾಗಿ ರಚಿಸಬೇಕಾಯಿತು. ಡೆಬಿಯನ್ ಅಲ್ಲದ ಗಣಕಗಳಿಗೆ ಒಯ್ದಿದ್ದ ಕೀಲಿಗಳಿಗೂ ಈ ಗತಿಯೇ ಆಯಿತು.

೨೦೦೬ಕ್ಕೆ ಮುಂಚಿನ ಪಾಠವನ್ನೇ ಇರಿಸಿಕೊಂಡವನಿಗೆ ಈ ಒಂದು ದೋಷವು ತಟ್ಟಲಿಲ್ಲವೆಂಬುದು ನಿಜ. ಆದರೆ ಅವನಲ್ಲಿ ಅದಕ್ಕೆ ಹಿಂದಿನ, ಆಮೇಲೆ ಎಲ್ಲರಿಗೂ ಗೊತ್ತಾದ ದೋಷಗಳು ತಿದ್ದದೆ ಉಳಿದಿರುವುವು. ಪ್ರಕಟವಾದ ದೋಷವು ಶತ್ರುವಿಗೂ ತಿಳಿದ ದೋಷ. ದೋಷವನ್ನು ಕಂಡುಹಿಡಿದುದೂ ಅದನ್ನು ತಿದ್ದಿ ಎಲ್ಲರಿಗೂ ಮುಟ್ಟಿಸಿದುದೂ ಇದೇ ಪರಿಷ್ಕರಣದ ಮಾರ್ಗದಿಂದಲೇ ಆದುದರಿಂದ, ಆ ಮಾರ್ಗವನ್ನು ತೊರೆಯುವುದು ಪರಿಹಾರವಲ್ಲ. ಪರೀಕ್ಷಿಸಿ ನಡೆಯುವುದೇ ಪರಿಹಾರ.

ಆದಕಾರಣ ಪಟ್ಟಿಯನ್ನು ತರಿಸಬೇಕು, ಮುದ್ರೆಯನ್ನು ಮನ್ನಿಸಬೇಕು, ಬದಲಾಗತಕ್ಕುದನ್ನು ಓದಬೇಕು, ಅಮೂಲ್ಯವಾದ ಕಡತಗಳ ಪ್ರತಿಯನ್ನು ಬೇರೆಡೆಯಲ್ಲಿ ಇರಿಸಿಕೊಂಡು ಪಾಠವನ್ನು ಬದಲಿಸಬೇಕು, ಸೇವೆಗಳನ್ನು ಪುನಃ ಆರಂಭಿಸಬೇಕು. ಕೊನೆಗೆ ಹಳೆಯ ಪಾಠದಿಂದ ಹುಟ್ಟಿದ ಫಲಗಳೇನಾದರೂ ಉಳಿದಿವೆಯೇ ಎಂದು ವಿಚಾರಿಸಬೇಕು. ಇಷ್ಟೂ ನಡೆದಲ್ಲಿ ಮಾತ್ರ ಪರಿಷ್ಕರಣವು ಸಂಪೂರ್ಣವಾಯಿತೆಂದು ಹೇಳಬಹುದು.